ದುಡ್ಡು ಎಲ್ಲಿಂದ ಬರುತ್ತೆ ಅಂತ ಕೇಳ್ತೀರಿ, ಹೇಗೆ ಖರ್ಚಾಗುತ್ತೆ ಅಂತ ಯಾಕೆ ಕೇಳಲ್ಲ?

ಓದುಗರೊಬ್ರ ಪ್ರಶ್ನೆ: "ಸರ್, ಒಂದು ದೇಶದ ಆರೋಗ್ಯ ವ್ಯವಸ್ಥೆ ಹದಗೆಟ್ಟಿದೆ ಅಂತ ಇಟ್ಕೊಳ್ಳಿ. ರಿಪೇರಿ ಎಲ್ಲಿಂದ ಶುರು ಮಾಡ್ಬೇಕು? ಬ್ರಿಟನ್ ಥರ ಸರ್ಕಾರಾನೇ ಆಸ್ಪತ್ರೆ ನಡೆಸ್ಬೇಕಾ, ಜರ್ಮನಿ ಥರ ಇನ್ಶೂರೆನ್ಸಾ, ಇಲ್ಲಾ ಅಮೆರಿಕಾ ಥರ ಮಾರ್ಕೆಟ್‌ಗೆ ಬಿಡೋದಾ? ಇರೋದ್ರಲ್ಲಿ ಬೆಸ್ಟ್ ಯಾವ್ದೋ ಅದನ್ನೇ ಕಾಪಿ ಹೊಡೆದ್ರೆ ಆಗಲ್ವಾ? ಮತ್ತೆ ಪೂರ್ತಿ ಫ್ರೀ ಮಾಡಿದ್ರೆ ಜನ ಸುಮ್ಸುಮ್ನೆ ಆಸ್ಪತ್ರೆಗೆ ಬಂದು ಕೂರಲ್ವಾ?"

ಉತ್ತರ: ಫ್ರೀ ವಿಷಯಕ್ಕೆ ಕೊನೇಲಿ ಬರ್ತೀನಿ, ಅದರ ಮೇಲೆ ಒಂದು ಒಳ್ಳೇ ಪ್ರಯೋಗಾನೇ ನಡೆದಿದೆ. ಮೊದ್ಲು 'ಬೆಸ್ಟ್ ಯಾವ್ದು' ಅನ್ನೋದು. ನಾನು ಆರೋಗ್ಯ ಅರ್ಥಶಾಸ್ತ್ರ ಪಾಠ ಮಾಡೋನು, ವರ್ಷಾ ವರ್ಷಾ ಮೊದಲನೇ ಕ್ಲಾಸಲ್ಲೇ ಯಾರಾದ್ರೂ ಇದನ್ನ ಕೇಳ್ತಾರೆ, ನಾನು ಪ್ರತಿ ಸಲನೂ ಅವ್ರಿಗೆ ನಿರಾಸೆ ಮಾಡ್ತೀನಿ. ಯಾಕಂದ್ರೆ ಜರ್ಮನಿಯಲ್ಲಿ 1883ರಲ್ಲಿ ಅಲ್ಲಿನ ಚಾನ್ಸೆಲರ್ ಬಿಸ್ಮಾರ್ಕ್ ಶುರು ಮಾಡಿದ್ದು ಸಂಬಳದಿಂದ ಕಟ್ಟಾಗೋ ಇನ್ಶೂರೆನ್ಸ್, ಬ್ರಿಟನ್ನಲ್ಲಿ 1948ರ ಜುಲೈ 5ಕ್ಕೆ ಶುರುವಾದ ಎನ್‌ಎಚ್‌ಎಸ್, ಅಂದ್ರೆ ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ, ನಡೆಯೋದು ಹೆಚ್ಚುಕಮ್ಮಿ ಪೂರ್ತಿ ಟ್ಯಾಕ್ಸ್ ದುಡ್ಡಲ್ಲಿ, ಎರಡೂ ಕಡೆ ಜನಕ್ಕೆ ಚಿಕಿತ್ಸೆ ಸಿಗ್ತಿದೆ, ಕಾಯಿಲೆ ಬಂತು ಅಂತ ಮನೆ ಮಾರೋ ಪರಿಸ್ಥಿತಿ ಇಲ್ಲ. ಟೀವಿಯಲ್ಲಿ ಗಂಟಲು ಹರ್ಕೊಂಡು ಜಗಳ ಆಡೋದು ಮಾತ್ರ ಇದೊಂದರ ಮೇಲೇನೇ, ಟ್ಯಾಕ್ಸಾ ಪ್ರೀಮಿಯಮ್ಮಾ ಅಂತ. ನನ್ನ ಕೇಳಿದ್ರೆ ಅದು ಮೂರನೇ ಮುಖ್ಯ ಪ್ರಶ್ನೆ. ಮೊದಲನೇದು, ಬಂದ ದುಡ್ಡು ಡಾಕ್ಟರ್‌ಗೆ ಆಸ್ಪತ್ರೆಗೆ ಯಾವ ಲೆಕ್ಕದಲ್ಲಿ ಹೋಗುತ್ತೆ. ಎರಡನೇದು, ದುಡ್ಡು ಎಷ್ಟು ಡಬ್ಬಿಗಳಲ್ಲಿ ಹಂಚಿಹೋಗಿದೆ, ಒಂದಾ, ಹತ್ತಾ, ಸಾವಿರಾನಾ. ಡಬ್ಬಿ ಅಂದ್ರೆ ಜನರ ದುಡ್ಡು ಒಟ್ಟಿಗೆ ಸೇರಿಸಿ, ಕಾಯಿಲೆ ಬಂದೋರಿಗೆ ಅದ್ರಿಂದ ಖರ್ಚು ಮಾಡೋ ಫಂಡು.

ಡಬ್ಬಿ ವಿಷಯ ಮೊದ್ಲು ಮುಗಿಸ್ಬಿಡ್ತೀನಿ, ಅದು ಗೊತ್ತಿಲ್ದೆ ಮುಂದಿಂದು ಅರ್ಥ ಆಗಲ್ಲ. ಆರೋಗ್ಯದ ಇನ್ಶೂರೆನ್ಸ್‌ನ ಜನರ ಇಷ್ಟಕ್ಕೆ ಬಿಟ್ರೆ ಏನಾಗುತ್ತೆ ನೋಡಿ. ಗಟ್ಟಿಮುಟ್ಟಾಗಿರೋ ಇಪ್ಪತ್ತೈದರ ಹುಡುಗ ನಂಗ್ಯಾಕೆ ಇದು ಅಂತ ಕಟ್ಟಲ್ಲ, ಆಗ್ಲೇ ಕಾಯಿಲೆ ಇರೋರು ಓಡಿ ಬಂದು ಸೇರ್ತಾರೆ, ಕಂಪನಿ ಖರ್ಚು ಏರುತ್ತೆ, ಪ್ರೀಮಿಯಂ ಏರ್ಸುತ್ತೆ, ಆಗ ಅಷ್ಟಿಷ್ಟು ಆರೋಗ್ಯವಾಗಿದ್ದೋರೂ ಬಿಟ್ಟು ಹೋಗ್ತಾರೆ, ಪ್ರೀಮಿಯಂ ಇನ್ನೂ ಏರುತ್ತೆ. ಕೊನೆಗೆ ಉಳಿಯೋದು ಕಾಯಿಲೆಯವ್ರು ಮತ್ತು ಯಾರೂ ಕಟ್ಟೋಕಾಗದ ಪ್ರೀಮಿಯಂ. ಇದು ಗ್ರಾಹಕರ ಕಡೆ ಆಟ. ಕಂಪನಿ ಕಡೆ ಆಟ ಇದರ ಉಲ್ಟಾ, ಶುಗರ್ ಇದ್ಯಾ, ಬಿಪಿ ಇದ್ಯಾ, ಅಪ್ಪನಿಗೆ ಹಾರ್ಟ್ ತೊಂದ್ರೆ ಇತ್ತಾ ಅಂತ ಕೇಳಿ ಕೇಳಿ ಕಾಯಿಲೆ ಬರೋ ಸಾಧ್ಯತೆ ಇರೋರನ್ನೆಲ್ಲ ಹೊರಗೆ ಹಾಕೋದು, ಅಂದ್ರೆ ಇನ್ಶೂರೆನ್ಸ್ ಯಾರಿಗೆ ಬೇಕೋ ಅವ್ರಿಗೇ ಸಿಗಲ್ಲ. ಕೆನ್ನೆತ್ ಆ್ಯರೋ ಅನ್ನೋ ಅರ್ಥಶಾಸ್ತ್ರಜ್ಞ 1963ರಷ್ಟು ಹಿಂದೇನೇ ಬರೆದಿದ್ರು, ಚಿಕಿತ್ಸೆ ಅನ್ನೋದು ಬೇರೆ ಸರಕಿನ ಥರ ಮಾರಾಟ ಆಗೋ ವಸ್ತು ಅಲ್ಲ, ಕೊಳ್ಳೋನಿಗೆ ತಾನು ಏನು ಕೊಳ್ತಿದೀನಿ ಅಂತಾನೇ ಗೊತ್ತಿರಲ್ಲ ಅಂತ.

ಹಾಗಾಗಿ ಖಾಸಗಿ ಇನ್ಶೂರೆನ್ಸೇ ಇರ್ಲಿ ಅನ್ನೋ ದೇಶಗಳೂ ಮೂರು ಕೆಲಸ ಒಟ್ಟಿಗೆ ಮಾಡ್ಲೇಬೇಕು: ಬಂದ ಯಾರನ್ನೂ ಕಂಪನಿ ವಾಪಸ್ ಕಳಿಸೋ ಹಾಗಿಲ್ಲ, ಎಲ್ಲರೂ ಕಡ್ಡಾಯವಾಗಿ ಸೇರ್ಬೇಕು, ಕಟ್ಟೋಕಾಗದೇ ಇರೋರಿಗೆ ಸರ್ಕಾರ ಕೈ ಜೋಡಿಸ್ಬೇಕು. ಮೂರು ಕಲ್ಲಿನ ಒಲೆ ಇದ್ದ ಹಾಗೆ, ಒಂದು ಕಲ್ಲು ತೆಗೆದ್ರೆ ಪಾತ್ರೆ ನಿಲ್ಲೋದು ಕಷ್ಟ. ಸ್ವಿಟ್ಜರ್ಲೆಂಡ್ 1996ರಿಂದ ಹೀಗೇ ನಡೆಸ್ತಿದೆ, ನೆದರ್ಲೆಂಡ್ಸ್ 2006ರಲ್ಲಿ ಇದಕ್ಕೇ ಬಂತು, ಅಲ್ಲಿ ಜೊತೆಗೆ ಇನ್ನೊಂದು ಜಾಣತನ ಇದೆ, ಕಾಯಿಲೆ ಜಾಸ್ತಿ ಇರೋ ಗ್ರಾಹಕರು ಯಾವ ಕಂಪನಿಗೆ ಹೆಚ್ಚು ಬಂದಿದ್ದಾರೋ ಅದಕ್ಕೆ ಕಾಮನ್ ಫಂಡಿನಿಂದ ಹೆಚ್ಚು ದುಡ್ಡು ಸಿಗುತ್ತೆ, ಹಾಗಾಗಿ ಕಾಯಿಲೆಯೋರನ್ನ ಓಡ್ಸೋದ್ರಲ್ಲಿ ಲಾಭ ಕಮ್ಮಿ. ಅಮೆರಿಕಾದ 2010ರ ಕಾನೂನು, ಒಬಾಮಾಕೇರ್ ಅಂತಾರಲ್ಲ ಅದು, ಮೂರೂ ಕಲ್ಲು ಇಟ್ಟಿತ್ತು, ಆಮೇಲೆ 2019ರಿಂದ ಕಡ್ಡಾಯದ ದಂಡನ ಸೊನ್ನೆ ಮಾಡಿದ್ರು. ಒಲೆ ಬಿದ್ದೇ ಹೋಗುತ್ತೆ ಅಂತ ನಮ್ಮಂಥವ್ರೆಲ್ಲ ಹೇಳಿದ್ವಿ, ಬೀಳ್ಲಿಲ್ಲ, ಸಬ್ಸಿಡಿ ಕಲ್ಲು ಭಾರ ಹೊತ್ಕೊಂಡಿತ್ತು. ಅಷ್ಟರ ಮಟ್ಟಿಗೆ ನಾವು ತಪ್ಪು.

ಈಗ ಅಸಲಿ ವಿಷಯ, ದುಡ್ಡು ಹೊರಗೆ ಹೋಗೋ ದಾರಿ.

ಡಾಕ್ಟರ್‌ಗೆ ಒಂದೊಂದು ಕೆಲಸಕ್ಕೂ ಇಷ್ಟಿಷ್ಟು ಅಂತ ಬಿಲ್ ಪಾವತಿ ಮಾಡಿದ್ರೆ ಕೆಲಸಗಳು ಜಾಸ್ತಿ ಆಗ್ತವೆ. ಇನ್ನೊಂದು ಟೆಸ್ಟ್, ಇನ್ನೊಂದು ಸ್ಕ್ಯಾನ್, ಮುಂದಿನ ವಾರ ಮತ್ತೆ ಬನ್ನಿ. ಡಾಕ್ಟರ್ ಕೆಟ್ಟೋರು ಅಂತಲ್ಲ, ಅನುಮಾನ ಇದ್ದಾಗ ಮಾಡ್ಬಿಡೋಣ ಅನ್ನೋ ಕಡೆ ಕೈ ಓಡುತ್ತೆ ಅಷ್ಟೇ. ಇದರ ಉಲ್ಟಾ ಕ್ಯಾಪಿಟೇಶನ್, ಹೆಸರು ಕೇಳಿ ಕಾಲೇಜ್ ಸೀಟ್ ನೆನಪಾದ್ರೆ ಅದಲ್ಲ, ಇದು ತಲೆ ಲೆಕ್ಕ, ನಿಮ್ಮ ಲಿಸ್ಟಲ್ಲಿ ಇಷ್ಟು ಜನ ಇದ್ದಾರೆ ತಲೆಗೆ ವರ್ಷಕ್ಕೆ ಇಷ್ಟು ತಗೊಳಿ, ಅವ್ರು ಬಂದ್ರೂ ಅಷ್ಟೇ ಬರ್ದಿದ್ರೂ ಅಷ್ಟೇ. ಇಲ್ಲಿ ಜನ ಆರೋಗ್ಯವಾಗಿದ್ದಷ್ಟೂ ಡಾಕ್ಟರ್‌ಗೆ ನೆಮ್ಮದಿ, ಆದ್ರೆ ಬಂದೋರನ್ನ ಬೇಗ ಸಾಗಹಾಕೋ ಆಸೆನೂ ಹುಟ್ಟುತ್ತೆ. ಸಂಬಳ ಕೊಟ್ಟು ಇಟ್ಕೊಂಡ್ರೆ ಎರಡೂ ಇಲ್ಲ, ಐದು ಗಂಟೆಗೆ ಬಾಗ್ಲು ಹಾಕೋ ಆಸೆ ಬರುತ್ತೆ. ಇನ್ನೊಂದು ಡಿಆರ್‌ಜಿ, ಈ ಕಾಯಿಲೆಗೆ ಈ ಪ್ಯಾಕೇಜು, ಹೆಚ್ಚು ದಿನ ಇಟ್ಕೊಂಡ್ರೆ ಆಸ್ಪತ್ರೆಗೇ ಲಾಸ್. ಅಮೆರಿಕಾದಲ್ಲಿ ಅರವತ್ತೈದು ದಾಟಿದೋರ ಸರ್ಕಾರಿ ಇನ್ಶೂರೆನ್ಸ್ ಮೆಡಿಕೇರ್ 1983ರಲ್ಲಿ ಇದನ್ನ ತಂದಾಗ ಪೇಷಂಟ್‌ಗಳು ಆಸ್ಪತ್ರೆಯಲ್ಲಿ ಇರೋ ದಿನಗಳು ಸರಕ್ಕಂತ ಇಳಿದ್ವು. ವೈದ್ಯಶಾಸ್ತ್ರ ಬದಲಾಗಿರ್ಲಿಲ್ಲ, ಬಿಲ್ಲಿನ ಫಾರಂ ಬದಲಾಗಿತ್ತು. ಆಮೇಲೆ ಆಸ್ಪತ್ರೆಗಳೂ ಜಾಣರಾದ್ರು, ಅದೇ ನ್ಯುಮೋನಿಯಾನ ಸ್ವಲ್ಪ ಭಾರಿ ನ್ಯುಮೋನಿಯಾ ಅಂತ ಬರ್ಕೊಂಡು ದೊಡ್ಡ ಪ್ಯಾಕೇಜ್ ಕ್ಲೇಮ್ ಮಾಡೋದು ಕಲಿತ್ರು, ಅದಕ್ಕೆ ಅಪ್‌ಕೋಡಿಂಗ್ ಅಂತಾನೇ ಹೆಸರಿದೆ.

ಇದರಲ್ಲಿ ಯಾವ್ದೂ ಶುದ್ಧ ಚಿನ್ನ ಅಲ್ಲ ಅನ್ನೋದು ನಿಮಗೇ ಕಾಣ್ತಿರ್ಬೇಕು. ಪ್ರೈಮರಿ ಹಂತದಲ್ಲಿ ತಲೆ ಲೆಕ್ಕ, ಆಸ್ಪತ್ರೆಗೆ ಪ್ಯಾಕೇಜು, ಅದರ ಮೇಲೆ ವರ್ಷಕ್ಕೆ ಒಟ್ಟು ಇಷ್ಟೇ ಅನ್ನೋ ಒಂದು ಮುಚ್ಚಳ, ಜೊತೆಗೆ ಲಸಿಕೆ ಥರದ ಕೆಲವಕ್ಕೆ ಮಾತ್ರ ಕೆಲಸಕ್ಕಿಷ್ಟು ಅಂತ, ಹೀಗೆ ಬೆರೆಸೋರೇ ಗೆದ್ದಿದ್ದಾರೆ. ರೇಟ್ ಕೂಡ ಎಲ್ಲರಿಗೂ ಒಂದೇ ಇರ್ಬೇಕು. ಜಪಾನಲ್ಲಿ ಇನ್ಶೂರೆನ್ಸ್ ಸಂಸ್ಥೆಗಳು ಸಾವಿರಗಟ್ಟಲೆ ಇವೆ, 1961ರಿಂದ ಇಡೀ ದೇಶಕ್ಕೆ ಕವರೇಜ್ ಇದೆ, ಆದ್ರೆ ರೇಟ್ ಕಾರ್ಡ್ ಒಂದೇ, ಎರಡು ವರ್ಷಕ್ಕೊಮ್ಮೆ ಸರ್ಕಾರ ಕೂತು ತಿದ್ದುತ್ತೆ, ಯಾವ್ದೋ ಸ್ಕ್ಯಾನ್ ಹಠಾತ್ತನೆ ಜಾಸ್ತಿ ಆಗ್ತಿದೆ ಅನ್ಸಿದ್ರೆ ಅದರ ರೇಟ್ ಇಳಿಸುತ್ತೆ. ಅಂದ್ರೆ ಡಬ್ಬಿ ಸಾವಿರ ಇದ್ರೂ ಚೌಕಾಸಿ ಮಾಡೋ ಬಾಯಿ ಒಂದೇ. ಅಮೆರಿಕಾದಲ್ಲಿ ಒಂದೇ ಆಸ್ಪತ್ರೆ, ಒಂದೇ ಆಪರೇಷನ್, ಆದ್ರೆ ನಿಮ್ಮ ಇನ್ಶೂರೆನ್ಸ್ ಕಂಪನಿ ಯಾವ್ದು ಅನ್ನೋದ್ರ ಮೇಲೆ ರೇಟ್ ಬೇರೆ. ಎತ್ತು ಏರಿಗೆಳೆದ್ರೆ ಕೋಣ ನೀರಿಗೆಳೀತು ಅಂತಾರಲ್ಲ ಹಾಗೆ, ಹತ್ತು ಕಂಪನಿ ಹತ್ತು ಕಡೆ ಎಳೆದ್ರೆ ಲಾಭ ಆಸ್ಪತ್ರೆಗೆ. ಅಲ್ಲೇ ಮೇರಿಲ್ಯಾಂಡ್ ರಾಜ್ಯ ಮಾತ್ರ 1970ರ ದಶಕದಿಂದ ಆಸ್ಪತ್ರೆ ರೇಟ್ ಗೊತ್ತು ಮಾಡೋಕೆ ಒಂದು ಕಮಿಷನ್ ಇಟ್ಕೊಂಡಿದೆ, ಇದು ಆ ದೇಶದ ಚರ್ಚೆಯಲ್ಲಿ ಯಾಕೋ ಹೆಚ್ಚು ಕೇಳ್ಸಲ್ಲ.

ಇನ್ನು ನಿಮ್ಮ 'ಎಲ್ಲಿಂದ ಶುರು' ಪ್ರಶ್ನೆ. ಇದಕ್ಕೆ ನಾನು ಯಾವಾಗ್ಲೂ ಹೇಳೋದು ಥಾಯ್ಲೆಂಡ್ ಕಥೆ. ಎಲ್ಲರಿಗೂ ಚಿಕಿತ್ಸೆ ಸಿಗೋ ಯೋಜನೆನ 2001ರಲ್ಲಿ ಆರು ಪ್ರಾಂತ್ಯದಲ್ಲಿ ಶುರು ಮಾಡಿ 2002ರಷ್ಟೊತ್ತಿಗೆ ದೇಶಕ್ಕೆಲ್ಲ ಹಬ್ಬಿಸಿದ್ರು, ಒಂದು ಸಲ ಹೋದ್ರೆ 30 ಬಾತ್ ಕೊಟ್ರೆ ಸಾಕು, ಕಡುಬಡವರಿಗೆ ಅದೂ ಇಲ್ಲ. ಆಗ ಅದು ಶ್ರೀಮಂತ ದೇಶ ಅಲ್ಲ, 1997ರ ಆರ್ಥಿಕ ಕುಸಿತದಿಂದ ಆಗಷ್ಟೇ ಏಳ್ತಿತ್ತು. ಎಲ್ರೂ ಈ 30 ಬಾತ್ ಕಾರ್ಡಿನ ಫೋಟೋ ತೋರಿಸಿ ಆಹಾ ಅಂತಾರೆ, ಆದ್ರೆ ಅದರ ಹಿಂದಿನ ಇಪ್ಪತ್ತು ವರ್ಷ ಯಾರೂ ತೋರಿಸಲ್ಲ. 1980ರ ದಶಕದಲ್ಲಿ ಅವ್ರು ಪ್ರಾಂತ್ಯದ ದೊಡ್ಡ ಆಸ್ಪತ್ರೆಗಳಿಗೆ ಹೊಸ ಕಟ್ಟಡದ ದುಡ್ಡು ಕೆಲವು ವರ್ಷ ನಿಲ್ಲಿಸಿ ಅದನ್ನೇ ಹಳ್ಳಿ ಕಡೆಯ ಜಿಲ್ಲಾ ಆಸ್ಪತ್ರೆ, ಹೆಲ್ತ್ ಸೆಂಟರ್‌ಗಳಿಗೆ ಹಾಕಿದ್ರು, ಹೊಸ ಡಾಕ್ಟರ್‌ಗಳಿಗೆ ಹಳ್ಳಿ ಸೇವೆ ಅದಕ್ಕೂ ಮುಂಚಿನಿಂದಲೇ ಕಡ್ಡಾಯ ಇತ್ತು. ಸಂಗುವಾನ್ ನಿತ್ಯಾರಂಪೋಂಗ್ ಅನ್ನೋ ಡಾಕ್ಟರ್, ಈ ಯೋಜನೆಯ ರೂವಾರಿ, ಹಳ್ಳಿ ಆಸ್ಪತ್ರೆಗಳಲ್ಲೇ ಕೆಲಸ ಮಾಡಿ ಬಂದವ್ರು. ಕಾರ್ಡ್ ಬಂದಾಗ ಅದನ್ನ ತಗೊಂಡು ಹೋಗೋಕೆ ಆಸ್ಪತ್ರೆ ಇತ್ತು, ಆಸ್ಪತ್ರೆಯಲ್ಲಿ ನರ್ಸ್ ಇದ್ರು. ಆಮೇಲೆ ದುಡ್ಡು ಕೊಡೋ ಲೆಕ್ಕಾನೂ ನಾನು ಮೇಲೆ ಹೇಳಿದ ಹಾಗೇನೇ, ಹೊರರೋಗಿಗಳಿಗೆ ತಲೆ ಲೆಕ್ಕ, ಒಳರೋಗಿಗಳಿಗೆ ಒಟ್ಟು ಬಜೆಟ್ಟಿನೊಳಗೆ ಡಿಆರ್‌ಜಿ. ದುಡ್ಡು ಕೊಡೋ ಸಂಸ್ಥೆನ ಆಸ್ಪತ್ರೆ ನಡೆಸೋ ಆರೋಗ್ಯ ಇಲಾಖೆಯಿಂದ ಬೇರೆ ಮಾಡಿದ್ರು, ಇದಕ್ಕೆ ಇಲಾಖೆಯೋರು ಖುಷಿಯಿಂದ ಒಪ್ಪಿರ್ಲಿಲ್ಲ ಅಂತ ಬೇರೆ ಹೇಳ್ಬೇಕಾಗಿಲ್ಲ.

ಎಷ್ಟೋ ದೇಶ ಇದನ್ನ ಉಲ್ಟಾ ಮಾಡ್ತವೆ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಅನ್ನೋ ಹಾಗೆ ಮೊದ್ಲು ಕಾರ್ಡ್ ಹಂಚ್ತಾರೆ, ಫ್ಲೆಕ್ಸ್ ಹಾಕ್ತಾರೆ, ಕಾರ್ಡ್ ಹಿಡ್ಕೊಂಡು ಹೋದ್ರೆ ಡಾಕ್ಟರೇ ಇರಲ್ಲ. ಅಷ್ಟೇ ಅಲ್ಲ, ಕಾರ್ಡ್ ಬರೀ ದೊಡ್ಡ ಆಪರೇಷನ್‌ಗೆ ಅಂತ ಇಟ್ರೆ ದುಡ್ಡೆಲ್ಲ ದೊಡ್ಡ ಊರಿನ ದೊಡ್ಡ ಆಸ್ಪತ್ರೆಗೆ ಹರಿಯುತ್ತೆ, ಬಿಪಿ ಮಾತ್ರೆ ಕೊಟ್ಟು ಸ್ಟ್ರೋಕ್ ತಪ್ಪಿಸ್ಬಹುದಾಗಿದ್ದ ಸಣ್ಣ ಕ್ಲಿನಿಕ್ ಬರಿದಾಗುತ್ತೆ, ಸ್ಟ್ರೋಕ್ ಆದ್ಮೇಲೆ ಮಾತ್ರ ಕಾರ್ಡ್ ಕೆಲಸ ಮಾಡುತ್ತೆ.

ತೈವಾನ್ ಬೇರೆ ದಾರಿ ಹಿಡೀತು. ಅವ್ರ ಹತ್ರ ಆಸ್ಪತ್ರೆ ಇದ್ವು, ಹೆಚ್ಚಿನವು ಖಾಸಗಿ, ಡಬ್ಬಿಗಳು ಮಾತ್ರ ಚೂರುಚೂರು, ಕಾರ್ಮಿಕರಿಗೊಂದು, ಸರ್ಕಾರಿ ನೌಕರರಿಗೊಂದು, ರೈತರಿಗೊಂದು, ಉಳಿದೋರಿಗೆ ಏನೂ ಇಲ್ಲ. 1995ರ ಮಾರ್ಚ್ 1ಕ್ಕೆ ಎಲ್ಲಾ ಒಂದೇ ಡಬ್ಬಿಗೆ ಸುರಿದ್ರು, ಆ ವರ್ಷದ ಕೊನೆಗೇ ಹತ್ತಿರ ಹತ್ತಿರ 92% ಜನ ಒಳಗೆ ಬಂದಿದ್ರು. ಆಡಳಿತ ಖರ್ಚು 2%ಗಿಂತ ಕಡಿಮೆ. ಆದ್ರೆ ಡಾಕ್ಟರ್‌ಗಳಿಗೆ ಕೆಲಸಕ್ಕಿಷ್ಟು ಅನ್ನೋ ಪದ್ಧತೀನೇ ಉಳಿಸ್ಕೊಂಡಿದ್ರು, ಖರ್ಚು ಏರ್ತಾ ಹೋಯ್ತು, 2002ರ ಹೊತ್ತಿಗೆ ವರ್ಷಕ್ಕಿಷ್ಟೇ ಅನ್ನೋ ಗ್ಲೋಬಲ್ ಬಜೆಟ್ ಪೂರ್ತಿ ತರ್ಬೇಕಾಯ್ತು. ಹಾಸಿಗೆ ಇದ್ದಷ್ಟು ಕಾಲು ಚಾಚಿ ಅಂತ ಹೇಳಿದ್ದಾಯ್ತು, ಆದ್ರೂ ಒಬ್ಬೊಬ್ಬ ಪೇಷಂಟ್‌ಗೆ ಎರಡು ಮೂರು ನಿಮಿಷ ಮಾತ್ರ ಸಿಗುತ್ತೆ ಅನ್ನೋ ದೂರು ಅಲ್ಲಿ ಇವತ್ತಿಗೂ ಇದೆ. ದಕ್ಷಿಣ ಕೊರಿಯಾನೂ ಹೆಚ್ಚುಕಮ್ಮಿ ಹೀಗೇ, 1977ರಲ್ಲಿ ದೊಡ್ಡ ಫ್ಯಾಕ್ಟರಿಗಳಿಂದ ಶುರು ಮಾಡಿ 1989ಕ್ಕೆ ಎಲ್ಲರನ್ನೂ ತಲುಪಿ, 2000ದಲ್ಲಿ ನೂರಾರು ಫಂಡ್‌ಗಳನ್ನ ಒಂದು ಮಾಡ್ತು.

ಕಾಪಿ ಹೊಡೆಯೋದ್ರ ಬಗ್ಗೆ ಕೇಳಿದ್ರಲ್ಲ. ಕಾಪಿ ಹೊಡೆಯೋಕೆ ಬಿಡದೇ ಇರೋದು ಐಡಿಯಾಗಳಲ್ಲ, ಆಗ್ಲೇ ಕೂತಿರೋ ಜನ. ಈಗಿನ ಅವ್ಯವಸ್ಥೆಯಿಂದ ಯಾರೋ ಸಂಬಳ ತಗೊಳ್ತಿರ್ತಾರೆ, ಅವ್ರು ಸುಮ್ನೆ ಎದ್ದು ಹೋಗಲ್ಲ. ಬ್ರಿಟನ್ನಿನ ಎನ್‌ಎಚ್‌ಎಸ್‌ ನೋಡಿ, ಇವತ್ತು ಅದು ಆ ದೇಶದ ಹೆಮ್ಮೆ, ಆದ್ರೆ ಶುರುವಾಗೋ ಕೆಲವೇ ತಿಂಗಳ ಮುಂಚೆ ವೈದ್ಯರ ಸಂಘ ಮತ ಹಾಕ್ಸಿದಾಗ ದೊಡ್ಡ ಬಹುಮತದಿಂದ ಬೇಡ ಅಂದಿದ್ರು. ಆರೋಗ್ಯ ಮಂತ್ರಿ ಅನ್ಯೂರಿನ್ ಬೆವನ್ ಏನ್ ಮಾಡಿದ, ದೊಡ್ಡ ಸ್ಪೆಷಲಿಸ್ಟ್‌ಗಳಿಗೆ ಸರ್ಕಾರಿ ಆಸ್ಪತ್ರೆಯಲ್ಲಿದ್ಕೊಂಡೇ ಖಾಸಗಿ ಪ್ರಾಕ್ಟೀಸಿಗೂ ಅವಕಾಶ ಕೊಟ್ಟ, ಜನರಲ್ ಡಾಕ್ಟರ್‌ಗಳನ್ನ ಸರ್ಕಾರಿ ನೌಕರರನ್ನಾಗಿ ಮಾಡದೆ ಕಾಂಟ್ರಾಕ್ಟ್ ಮೇಲೆ ಬಿಟ್ಟ. ಆ ಎರಡು ರಾಜಿಗಳ ನೆರಳು ಎಪ್ಪತ್ತೈದು ವರ್ಷ ಆದ್ರೂ ಅಲ್ಲಿ ಹೋಗಿಲ್ಲ. ಕೆನಡಾದ ಸಸ್ಕಾಚೆವಾನ್‌ನಲ್ಲಿ 1962ರ ಜುಲೈ 1ಕ್ಕೆ ಎಲ್ಲರಿಗೂ ಡಾಕ್ಟರ್ ಖರ್ಚು ಸರ್ಕಾರದ್ದು ಅಂದ ದಿನವೇ ಡಾಕ್ಟರ್‌ಗಳು ಸ್ಟ್ರೈಕ್ ಕೂತ್ರು, 23 ದಿನ. ಕೊನೆಗೆ ರಾಜಿ ಏನಾಯ್ತು ಅಂದ್ರೆ ಡಾಕ್ಟರ್‌ಗಳು ಸ್ವತಂತ್ರ, ಕೆಲಸಕ್ಕಿಷ್ಟು ಅಂತ ಬಿಲ್, ಸರ್ಕಾರ ಕಟ್ಟುತ್ತೆ. ಆ ಚಿಕ್ಕ ಪ್ರಾಂತ್ಯದ ರಾಜಿಯೇ ಮುಂದೆ ಇಡೀ ಕೆನಡಾದ ಮಾದರಿ ಆಯ್ತು. ಅಲ್ಲಿ ಕಾನೂನು ಮೊದ್ಲು ಬಂದಿದ್ದು ಆಸ್ಪತ್ರೆಗೆ, ಆಮೇಲೆ ಡಾಕ್ಟರ್‌ಗೆ, ಮಾತ್ರೆ ಮತ್ತು ಹಲ್ಲು ಮುಂದೆ ನೋಡೋಣ ಅಂದ್ರು, ಆ 'ಮುಂದೆ' ಬರೋಕೆ ಅರ್ಧ ಶತಮಾನದ ಮೇಲಾಯ್ತು. ಅದಕ್ಕೇ ಹೇಳೋದು, ಮೊದಲ ದಿನದ ಕಾನೂನಲ್ಲಿ ಬಿಟ್ಟಿದ್ದು ಸುಲಭಕ್ಕೆ ಆಮೇಲೆ ಸೇರಲ್ಲ.

ಅಮೆರಿಕಾ ಯಾಕೆ ಹಾಗಿದೆ ಅಂತ ತುಂಬಾ ಜನ ಕೇಳ್ತಾರೆ. ಯಾರೂ ಕೂತು ಹಾಗೆ ಪ್ಲಾನ್ ಮಾಡಿದ್ದಲ್ಲ. ಎರಡನೇ ಮಹಾಯುದ್ಧದಲ್ಲಿ ಸಂಬಳ ಏರಿಸ್ಬಾರ್ದು ಅಂತ ಸರ್ಕಾರ ಕಟ್ಟು ಹಾಕ್ತು, ಕೆಲಸಗಾರರನ್ನ ಸೆಳೆಯೋಕೆ ಕಂಪನಿಗಳು ಸಂಬಳದ ಬದ್ಲು ಇನ್ಶೂರೆನ್ಸ್ ಕೊಟ್ವು, ಆಮೇಲೆ ಅದಕ್ಕೆ ಟ್ಯಾಕ್ಸ್ ವಿನಾಯ್ತಿನೂ ಸಿಕ್ತು. ಅಲ್ಲಿಗೆ ಕೆಲಸ ಹೋದ್ರೆ ಇನ್ಶೂರೆನ್ಸೂ ಹೋಯ್ತು ಅನ್ನೋ ವಿಚಿತ್ರ ಗಂಟು ಬಿತ್ತು. ಬಿಡಿಸೋಕೆ ಹೋದ್ರೆ ಇರೋದನ್ನ ಕಳ್ಕೊಳ್ಳೋ ಭಯ ಕೋಟಿಗಟ್ಟಲೆ ಜನಕ್ಕೆ. ಎಲ್ಲರಿಗೂ ಇನ್ಶೂರೆನ್ಸ್ ಅಂತ ಹೊರಟ ಅಧ್ಯಕ್ಷ ಕ್ಲಿಂಟನ್ ಯೋಜನೆ 1994ರಲ್ಲಿ ಬಿದ್ದಿದ್ದಕ್ಕೆ ಅದು ದೊಡ್ಡ ಕಾರಣ, ವರ್ಮಾಂಟ್ ರಾಜ್ಯ ಒಂದೇ ಡಬ್ಬಿ ಮಾಡ್ತೀವಿ ಅಂತ ಹೊರಟು 2014ರಲ್ಲಿ ಎಷ್ಟು ಟ್ಯಾಕ್ಸ್ ಹಾಕ್ಬೇಕು ಅನ್ನೋ ಲೆಕ್ಕ ನೋಡಿ ಕೈಬಿಡ್ತು. ಪ್ರೀಮಿಯಂ ಆಗಿ ಕಂಪನಿ ಕಟ್ತಿದ್ದ ದುಡ್ಡೇ ಟ್ಯಾಕ್ಸ್ ಆಗಿ ಬಂದ್ರೆ ಒಟ್ಟು ಲೆಕ್ಕದಲ್ಲಿ ದೊಡ್ಡ ವ್ಯತ್ಯಾಸ ಇಲ್ಲ, ಆದ್ರೆ ಒಂದು ಕಣ್ಣಿಗೆ ಕಾಣಲ್ಲ, ಇನ್ನೊಂದು ಕಾಣುತ್ತೆ. ಹೀಗಿದ್ದೂ ಆ ದೇಶ ತನ್ನ ಜಿಡಿಪಿಯಲ್ಲಿ ಸುಮಾರು 17% ಆರೋಗ್ಯಕ್ಕೆ ಸುರಿಯುತ್ತೆ, ಬ್ರಿಟನ್ ಜರ್ಮನಿಗಳು 11-12% ಆಸುಪಾಸು.

ಹಾಗಂತ ಟ್ಯಾಕ್ಸ್ ದುಡ್ಡಲ್ಲಿ ನಡೆಸಿದ್ರೆ ಎಲ್ಲಾ ಸರಿಹೋಯ್ತು ಅಂತಲ್ಲ. ಬೆಲೆ ಇಲ್ಲದ ಕಡೆ ಕ್ಯೂ ಇರುತ್ತೆ. ಇಂಗ್ಲೆಂಡಲ್ಲಿ ಕೋವಿಡ್ ಆದ್ಮೇಲೆ ಆಸ್ಪತ್ರೆ ಚಿಕಿತ್ಸೆಗೆ ಕಾಯೋರ ಲಿಸ್ಟ್ 70 ಲಕ್ಷ ದಾಟ್ತು. ಯಾವ ದೇಶನೂ ಎಲ್ಲರಿಗೂ ಎಲ್ಲವನ್ನೂ ಕೊಡೋಕಾಗಲ್ಲ, ಒಂದು ಕಡೆ ದುಡ್ಡು ಇಲ್ದೋರು ಹೊರಗೆ, ಇನ್ನೊಂದು ಕಡೆ ಎಲ್ರೂ ಸಾಲಲ್ಲಿ. ನನಗೆ ಎರಡನೇದೇ ವಾಸಿ ಅನ್ಸುತ್ತೆ, ಆದ್ರೆ ಸಾಲಲ್ಲಿ ಸೊಂಟ ನೋವಿಂದ ವರ್ಷಗಟ್ಟಲೆ ನಿಂತೋರಿಗೆ ಈ ಮಾತು ಹೇಳೋ ಧೈರ್ಯ ನನಗಿಲ್ಲ. ಯಾವ ಔಷಧಿ ಕೊಡ್ಬೇಕು ಯಾವ್ದು ಬೇಡ ಅಂತ ಬಾಯಿಬಿಟ್ಟು ಹೇಳೋಕೆ ಇಂಗ್ಲೆಂಡಿನೋರು 1999ರಲ್ಲಿ ನೈಸ್ ಅನ್ನೋ ಸಂಸ್ಥೆ ಮಾಡ್ಕೊಂಡ್ರು, ಥಾಯ್ಲೆಂಡ್‌ನಲ್ಲೂ ಅಂಥದ್ದೇ ಇದೆ, ರಾಜಕಾರಣಿಗೆ ಇಲ್ಲ ಅನ್ನೋಕೆ ಬಾಯಿ ಬರಲ್ಲ ಅನ್ನೋದಾದ್ರೆ ಇಲ್ಲ ಅನ್ನೋ ಕೆಲಸಕ್ಕೇ ಒಂದು ಆಫೀಸ್ ಬೇಕು.

ಸರಿ, ಈಗ ಫ್ರೀ ಮಾಡಿದ್ರೆ ಜನ ಸುಮ್ಸುಮ್ನೆ ಬರಲ್ವಾ ಅನ್ನೋದು. ಅಮೆರಿಕಾದಲ್ಲಿ ರ್‍ಯಾಂಡ್ ಸಂಸ್ಥೆಯೋರು 1974ರಿಂದ 1982ರವರೆಗೆ ಸಾವಿರಾರು ಜನರನ್ನ ಚೀಟಿ ಎತ್ತಿದ ಹಾಗೆ ಬೇರೆಬೇರೆ ಗುಂಪಿಗೆ ಹಾಕಿದ್ರು, ಕೆಲವ್ರಿಗೆ ಚಿಕಿತ್ಸೆ ಪೂರ್ತಿ ಫ್ರೀ, ಕೆಲವ್ರು ಖರ್ಚಿನ ಒಂದು ಪಾಲು ಕೈಯಿಂದ ಕೊಡ್ಬೇಕು. ಫ್ರೀ ಇದ್ದೋರು ನಿಜವಾಗ್ಲೂ ಜಾಸ್ತಿ ಹೋದ್ರು, ನಿಮ್ಮ ಅನುಮಾನ ಸುಳ್ಳಲ್ಲ. ಸರಾಸರಿ ಜನಕ್ಕೆ ಆರೋಗ್ಯದಲ್ಲಿ ದೊಡ್ಡ ವ್ಯತ್ಯಾಸನೂ ಕಾಣ್ಲಿಲ್ಲ. ಆದ್ರೆ ದುಡ್ಡು ಕೊಡ್ಬೇಕಾದೋರು ಕಮ್ಮಿ ಮಾಡಿದ್ದು ಬರೀ ಬೇಡದ ಚಿಕಿತ್ಸೆನ ಅಲ್ಲ, ಬೇಕಾಗಿದ್ದನ್ನೂ ಅಷ್ಟೇ ಕಮ್ಮಿ ಮಾಡಿದ್ರು, ಯಾಕಂದ್ರೆ ಎದೆ ನೋವು ಗ್ಯಾಸಾ ಹಾರ್ಟಾ ಅಂತ ಮನೇಲಿ ಕೂತು ಹೇಳೋಕೆ ಅವ್ರು ಡಾಕ್ಟರ್ ಅಲ್ಲವಲ್ಲ. ಬಡವರಲ್ಲಿ ಬಿಪಿ ಇದ್ದೋರಿಗೆ ಫ್ರೀ ಗುಂಪಲ್ಲೇ ಬಿಪಿ ಕಂಟ್ರೋಲ್ ಚೆನ್ನಾಗಿ ಆಗಿತ್ತು. ಅಷ್ಟಕ್ಕೂ ದೊಡ್ಡ ಖರ್ಚು ಆಗೋದು ನೆಗಡಿಗೆ ಬಂದೋರಿಂದ ಅಲ್ಲ, ಒಳಗೆ ಅಡ್ಮಿಟ್ ಆದ್ಮೇಲೆ, ಅಲ್ಲಿ ಯಾವ ಟೆಸ್ಟ್ ಬೇಕು ಅಂತ ಹೇಳೋದು ಪೇಷಂಟ್ ಅಲ್ಲ, ಡಾಕ್ಟರ್. ಮತ್ತೆ ಅವ್ರಿಗೆ ದುಡ್ಡು ಯಾವ ಲೆಕ್ಕದಲ್ಲಿ ಹೋಗುತ್ತೆ ಅನ್ನೋದಕ್ಕೇ ಬಂದ್ವಿ ನೋಡಿ.

ಥಾಯ್ಲೆಂಡ್ 2006ರಲ್ಲಿ ಆ 30 ಬಾತ್ ಕೂಡ ತೆಗೆದುಹಾಕ್ತು, 2012ರಲ್ಲಿ ಬೇರೆ ಸರ್ಕಾರ ವಾಪಸ್ ತಂತು, ಎರಡಕ್ಕೂ ಕಾರಣ ರಾಜಕೀಯವೇ ಹೆಚ್ಚು, ಅದರಿಂದ ಬರೋ ದುಡ್ಡು ಒಟ್ಟು ಖರ್ಚಿನ ಮುಂದೆ ಚಿಲ್ಲರೆ. ಹಾಗಾಗಿ ನಿಮ್ಮ ದೇಶದಲ್ಲಿ ಏನಾದ್ರೂ ಫೀಸ್ ಇಡ್ಲೇಬೇಕು ಅಂತ ಹಣಕಾಸು ಇಲಾಖೆ ಹಠ ಹಿಡಿದ್ರೆ, ರೆಫರಲ್ ಇಲ್ದೆ ನೇರ ದೊಡ್ಡ ಆಸ್ಪತ್ರೆಗೆ ನುಗ್ಗೋರಿಗೆ ಇಡಿ, ವರ್ಷಕ್ಕೆ ಇಷ್ಟರ ಮೇಲೆ ಕೈಯಿಂದ ಹೋಗಬಾರ್ದು ಅಂತ ಮಿತಿ ಹಾಕಿ, ಬಡವ್ರನ್ನ ಬಿಟ್ಬಿಡಿ, ಬಿಪಿ ಶುಗರ್ ಮಾತ್ರೆಗಂತೂ ಒಂದು ಪೈಸಾನೂ ಬೇಡ.